ಕುದಿಸಿದ ಸೈನಿಕರು

ನಾನು ಸೈನಿಕರನ್ನು ಕುದಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ, ತಿಂಡಿಯ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ. ಮುಚ್ಚಳವಿರುವ ಸ್ಟೀಲ್ ಪಾತ್ರೆ, ಮುಳುಗುವಷ್ಟು ನೀರು, ಪಕ್ಕದಲ್ಲಿ ಚಿಮಟ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಎಲ್ಲವೂ ಕ್ರಮವಾಗಿತ್ತು. ಕ್ರಮ ಸ್ವಲ್ಪ ಹೆಚ್ಚಾಗಿತ್ತು ಎಂಬುದು ಮುಚ್ಚಳ ತೆಗೆದಾಗ ಗೊತ್ತಾಯಿತು.

ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಹಾಸಿಗೆಯ ಮೂಲೆ ಮಡಚುವುದರಿಂದ ಹಿಡಿದು ಸೂಜಿ ಚುಚ್ಚುವವರೆಗೆ ಎಲ್ಲಕ್ಕೂ ಒಂದೇ ಒಂದು ವಿಧಾನ ಇರುವ ಜಾಗದಲ್ಲಿ ನನ್ನ ಯೌವನ ಕಳೆಯಿತು. ಊರಿಗೆ ಮರಳಿ, ವಯನಾಡಿನ ಪುಲ್ಪಳ್ಳಿಯಲ್ಲಿ ತಮ್ಮನ ಮನೆಯ ಪಕ್ಕದಲ್ಲೇ ಒಂದು ಪುಟ್ಟ ಮನೆ ಕಟ್ಟಿಸಿಕೊಂಡ ಮೇಲೂ ನನ್ನ ಮಂಚದ ಹೊದಿಕೆಯ ಮೂಲೆಗಳು ಹಾಗೇ ಇವೆ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಜವಳಿ ಮಾರಲು ಬಂದು ಇಲ್ಲೇ ಉಳಿದವರು. ಹಾಗಾಗಿ ನಮಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ನೌಕರಿಯಲ್ಲಿ ಹಿಂದಿ. ಜಗಳಕ್ಕೆ ಮಾತ್ರ ಮೂರೂ ಬೇಕು.

ಜಗಳ ಎಂದರೆ ಮುಖ್ಯವಾಗಿ ತಮ್ಮನ ಜೊತೆ. ಅವನೂ ಸೈನ್ಯದಲ್ಲೇ ಇದ್ದವನು, ಹವಾಲ್ದಾರನಾಗಿ ನಿವೃತ್ತನಾದ. ಹೊಸಬರಿಗೆ ಕವಾಯತು ಕಲಿಸುವುದು ಅವನ ಕೆಲಸವಾಗಿತ್ತು. ಸೈನ್ಯದ ನರ್ಸ್‌ಗಳು ಅಧಿಕಾರಿಗಳ ದರ್ಜೆಯವರು. ಅಂದರೆ ಸಮವಸ್ತ್ರದಲ್ಲಿ ಎದುರಾದರೆ ಅವನು ನನಗೆ ಸೆಲ್ಯೂಟ್ ಹೊಡೆಯಬೇಕು. ಒಮ್ಮೆ ಒಂದು ರೈಲು ನಿಲ್ದಾಣದಲ್ಲಿ, ಅವನ ಗೆಳೆಯರೆಲ್ಲ ನೋಡುತ್ತಿರುವಾಗ, ಹೊಡೆಯಲೇಬೇಕಾಯಿತು. ಅದನ್ನು ನಾನು ಮರೆತಿಲ್ಲ, ಅವನು ಕ್ಷಮಿಸಿಲ್ಲ. ಅಂದಿನಿಂದ ಮನಸ್ಸು ನೆಟ್ಟಗಿದ್ದರೆ ನನ್ನನ್ನು 'ಅಕ್ಕಾ' ಎನ್ನುತ್ತಾನೆ, ಸಿಟ್ಟು ಬಂದರೆ 'ಮೇಡಂ ಸಾಬ್' ಎನ್ನುತ್ತಾನೆ. ಅವನ ಹವಾಮಾನ ತಿಳಿಯಲು ನನಗೆ ಬೇರೆ ಉಪಕರಣ ಬೇಕಾಗಿಲ್ಲ.

ಹಿಂದಿನ ವರ್ಷ ಅವನಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬೇಗ ಆಸ್ಪತ್ರೆ ಸೇರಿಸಿದ್ದರಿಂದ ಮಾತು ಉಳಿಯಿತು, ಕಾಲು ಚೇತರಿಸಿತು. ಬಲಗೈ ಮಾತ್ರ ಹಿಂದೆ ಬಿತ್ತು. ಬೆರಳುಗಳು ಮಡಚುತ್ತಿದ್ದವು, ಹಿಡಿತ ನಿಲ್ಲುತ್ತಿರಲಿಲ್ಲ. ಮಣಿಕಟ್ಟು ತಿರುಗುತ್ತಿರಲಿಲ್ಲ. ಮಾನಂದವಾಡಿಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಂಡಬೇಕು ಎಂದಳು. ಅವನು ಅದನ್ನು ಎಡಗೈಯಲ್ಲಿ ಅಂಗಳಕ್ಕೆ ಎಸೆಯುತ್ತಿದ್ದ, ನಾಯಿ ತಂದುಕೊಡುತ್ತಿತ್ತು. ನಾಯಿಯ ಆರೋಗ್ಯ ಬಹಳ ಸುಧಾರಿಸಿತು.

"ಚೆಂಡು ಹಿಂಡೋಕೆ ನಾನೇನ್ ಅಂಗನವಾಡೀಲಿ ಇದ್ದೀನಾ?" ಎನ್ನುತ್ತಿದ್ದ.

ಇಷ್ಟೇ ಆಗಿದ್ದರೆ ನಾನೂ ನಿಧಾನವಾಗಿ ನೋಡೋಣ ಎನ್ನುತ್ತಿದ್ದೆನೋ ಏನೋ. ಆದರೆ ಅವನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಬತ್ತೇರಿಯ ಕಡೆಯವನು, ನಮ್ಮವರೇ. ಮೆಣಸು, ಕಾಫಿಯ ಕೆಲಸವೆಲ್ಲ ಮುಗಿದ ಮೇಲೆ ಮದುವೆ ಎಂದು ನಿಶ್ಚಯವಾಯಿತು. ನಮ್ಮ ಮನೆತನದಲ್ಲಿ ಧಾರೆ ಎರೆಯುವುದು ಹುಡುಗಿಯ ತಂದೆ. ಹುಡುಗ ಹುಡುಗಿಯ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟು, ಹಿತ್ತಾಳೆಯ ಗಿಂಡಿಯನ್ನು ಬಲಗೈಯಲ್ಲಿ ಹಿಡಿದು, ಸಣ್ಣ ಮೂತಿಯಿಂದ ಹಾಲು ಬೆರೆಸಿದ ನೀರನ್ನು ಸಣ್ಣಗೆ ಬಿಡಬೇಕು. ನಮ್ಮ ಅಜ್ಜನ ಕಾಲದ ಗಿಂಡಿ ಅದು, ಬರಿದಾಗಿದ್ದರೂ ಭಾರ. ನನ್ನ ತಮ್ಮ ಯಾರನ್ನೂ ಕೇಳದೆ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, "ಅಣ್ಣಾ, ಧಾರೆ ನೀವೇ ಎರೀಬೇಕು" ಎಂದುಬಿಟ್ಟ.

ಮಗಳಿಗೆ ಅದು ಭಾನುವಾರ ಊಟದ ಹೊತ್ತಿನಲ್ಲಿ ತಿಳಿಯಿತು.

"ಅಪ್ಪಾ, ನೀನು ಎರೀತೀಯ. ಇಲ್ಲಾಂದ್ರೆ ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿ ಬರ್ತೀನಿ. ಪಾಯಸದ ಖರ್ಚೂ ಉಳಿಯುತ್ತೆ."

"ಸೈನ್ ಹಾಕೋಕೂ ನಂಗೆ ಆಗಲ್ಲ ಅಂತ ಗೊತ್ತಲ್ಲ" ಎಂದ ಅವನು, ಎಡಗೈಯಲ್ಲಿ ಅನ್ನ ಕಲಸುತ್ತ. ತಮ್ಮನ ಹೆಂಡತಿ ಸಾರು ಬಡಿಸುವ ನೆಪದಲ್ಲಿ ನನ್ನ ಮುಖ ನೋಡಿದಳು. ನರ್ಸ್‌ಗಳನ್ನು ಜನ ಹಾಗೆ ನೋಡುವುದು ನನಗೆ ಹೊಸದಲ್ಲ.

ಅದೇ ವಾರ ಕಣ್ಣಿನ ತಪಾಸಣೆಗೆ ಮೈಸೂರಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು. ಆಟದ ಸಾಮಾನಿನ ಒಂದು ಅಂಗಡಿಯ ಗಾಜಿನ ಹಿಂದೆ, ಮೇಲೆ ಸೈನಿಕರ ಚಿತ್ರವಿದ್ದ ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ ಏನಿದೆ ಎಂದು ಕೇಳಿದೆ. ಅಂಗಡಿಯವನು ತೆರೆದು ತೋರಿಸಿದ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡು ಕೈಗಳು ಒಂದು ಕಡೆ, ಕಾಲುಗಳು ಒಂದು ಕಡೆ, ತಲೆಗಳು ಸಾಲಾಗಿ ಇನ್ನೊಂದು ಕಡೆ. ಒಂದೊಂದನ್ನೇ ಕತ್ತರಿಸಿ, ಜೋಡಿಸಿ, ಅಂಟಿಸಿ, ಬಣ್ಣ ಹಚ್ಚಬೇಕು. ಪೂರ್ತಿಯಾದರೆ ಒಬ್ಬ ಸೈನಿಕ ಹೆಬ್ಬೆರಳಿನಷ್ಟು ಎತ್ತರ.

"ಮೊಮ್ಮಗನಿಗಾ ಅಮ್ಮಾ?" ಎಂದ ಅಂಗಡಿಯವನು.

"ಹವಾಲ್ದಾರನಿಗೆ" ಎಂದೆ.

ಸಣ್ಣ ಕುಂಚಗಳು, ಬಣ್ಣದ ಪುಟ್ಟ ಸೀಸೆಗಳು, ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟು, ಎಲ್ಲ ಕಟ್ಟಿಸಿಕೊಂಡು ಬಂದೆ. ನನ್ನ ಲೆಕ್ಕ ಸರಳವಾಗಿತ್ತು. ಚೆಂಡು ಹಿಂಡಲು ನಾಚುವ ಮನುಷ್ಯ ಸೈನಿಕನನ್ನು ಮುಟ್ಟಲು ನಾಚಲಾರ.

ಲೆಕ್ಕ ತಪ್ಪಿತು. ಪೆಟ್ಟಿಗೆ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. "ಚೆಂಡಿಗೆ ಸಮವಸ್ತ್ರ ಹಾಕ್ಸಿ ತಂದಿದ್ದೀರಾ, ಮೇಡಂ ಸಾಬ್?" ಎಂದು ಎದ್ದುಹೋದ.

ದುಡ್ಡು ಕೊಟ್ಟು ತಂದದ್ದನ್ನು ಹಾಳು ಮಾಡುವ ಅಭ್ಯಾಸ ನನಗಿಲ್ಲ. ನಾನೇ ಶುರು ಮಾಡಿದೆ. ನಮ್ಮಿಬ್ಬರ ಮನೆಗಳ ನಡುವೆ ಕಾಫಿ ಒಣಗಿಸುವ ಸಿಮೆಂಟಿನ ಕಣವಿದೆ. ನನ್ನ ಜಗಲಿಯಲ್ಲಿ ಮೇಜು ಹಾಕಿ ಕುಳಿತರೆ ಅವನ ಜಗಲಿಯಿಂದ ಎಲ್ಲ ಕಾಣುತ್ತದೆ. ಅಲ್ಲೇ ಹಾಕಿದೆ. ಡ್ರೆಸ್ಸಿಂಗ್ ಟ್ರೇ ಜೋಡಿಸುವ ಹಾಗೆ ಎಡದಿಂದ ಬಲಕ್ಕೆ ಉಗುರು ಕತ್ತರಿ, ಉಗುರು ಉಜ್ಜುವ ಅರ, ಚಿಮಟ, ಅಂಟು, ಹತ್ತಿ ಇಟ್ಟೆ. ಅಚ್ಚಿನಿಂದ ಬಂದ ಎಣ್ಣೆಯ ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ, ಆದ್ದರಿಂದ ಮೊದಲು ಬಿಡಿಭಾಗಗಳನ್ನು ತೊಳೆಯಬೇಕು ಎಂದು ಅಂಗಡಿಯವನು ಹೇಳಿದ್ದ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಎಂದೂ ಹೇಳಿದ್ದನಂತೆ. ತೊಳೆಯುವುದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ತೊಳೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುದಿಯುವ ನೀರಿಗೆ ಹಾಕಿದೆ, ಮುಚ್ಚಿದೆ, ಗಡಿಯಾರ ನೋಡಿಕೊಂಡು ನಿಂತೆ.

ತೆಗೆದಾಗ ಚೌಕಟ್ಟು ಹಪ್ಪಳದ ಹಾಗೆ ಸುರುಟಿತ್ತು. ನೆಟ್ಟಗಿದ್ದ ಕಾಲುಗಳು ಮಂಡಿಯಲ್ಲಿ ಬಾಗಿದ್ದವು. ಬಂದೂಕುಗಳು ಬಾಡಿದ ಹುರುಳಿಕಾಯಿಯಂತೆ ಜೋತುಬಿದ್ದಿದ್ದವು. ಒಬ್ಬನ ಬೆನ್ನು ಎಡಕ್ಕೆ ವಾಲಿತ್ತು. ಪಾತ್ರೆಯನ್ನು ಜಗಲಿಯ ಮೇಜಿಗೆ ತಂದು, ಚಿಮಟದಲ್ಲಿ ಹಿಡಿದು ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಮಲಗಿಸತೊಡಗಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಹಾಲು ಕೊಡಲು ಬಂದ ಪಕ್ಕದ ತೋಟದ ಮಲಯಾಳಿ ಹೆಂಗಸು, ನಮಗೆಲ್ಲ ಚೇಚಿ, ಅಂದರೆ ಅಕ್ಕ, ಪಾತ್ರೆಯೊಳಗೆ ಇಣುಕಿದಳು. "ಸಿಸ್ಟರೇ, ಇದೆಂದಾ, ಪಟ್ಟಾಳ ಕರಿಯೋ?" ಎಂದಳು. ಸೈನ್ಯದ ಸಾರೋ ಎಂದು ಕೇಳುತ್ತಿದ್ದಾಳೆ! ಅವಳ ದನಿ ದೊಡ್ಡದು. ಕಣದ ಆಚೆಯಿಂದ ತಮ್ಮ ಎದ್ದು ಬಂದ. ಮೇಜಿನ ಮುಂದೆ ನಿಂತು, ಪರೇಡಿನ ಸಾಲು ಪರೀಕ್ಷಿಸುವವನಂತೆ ಈ ತುದಿಯಿಂದ ಆ ತುದಿಗೆ ನೋಡಿದ. ಆಮೇಲೆ ನಗಲು ಶುರು ಮಾಡಿದವನು ಕುರ್ಚಿ ಹಿಡಿದುಕೊಂಡು ಕೂತುಬಿಟ್ಟ. ಸ್ಟ್ರೋಕ್ ಆದ ಮೇಲೆ ಅವನ ಆ ನಗು ನಾವು ಕೇಳಿರಲಿಲ್ಲ. ಅವನ ಹೆಂಡತಿ ಅಡುಗೆಮನೆಯಿಂದ ಏನೋ ಆಯಿತೆಂದು ಸೌಟು ಹಿಡಿದೇ ಓಡಿಬಂದಳು.

"ಅಕ್ಕಾ, ಒಂದು ಇಡೀ ತುಕಡಿನೇ ಲೈಟ್ ಡ್ಯೂಟಿಗೆ ಹಾಕ್ಬಿಟ್ಯಲ್ಲೇ!"

ಸೈನ್ಯದಲ್ಲಿ ಆಸ್ಪತ್ರೆಯಿಂದ ಬಂದವನಿಗೆ ಕೆಲವು ದಿನ ಓಟ, ಕವಾಯತು ಇಲ್ಲದ ಹಗುರ ಕೆಲಸ ಕೊಡುತ್ತಾರೆ. ಅದೇ ಲೈಟ್ ಡ್ಯೂಟಿ. ನಾನು ಎಲ್ಲವನ್ನೂ ಬಾಚಿ ಕಸದ ಬುಟ್ಟಿಗೆ ಹಾಕಲು ಹೊರಟೆ. ಅವನು ತಡೆದ.

"ಬಿಸಾಡ್ಬೇಡ. ಇವರೇ ಸರಿ. ಆ ಡಬ್ಬದ ಮೇಲಿನವರ ಥರ ನೆಟ್ಟಗೆ ನಿಂತೋರನ್ನ ನಾನು ಕವಾಯತು ಮೈದಾನದಲ್ಲಿ ಬಿಟ್ರೆ ಎಲ್ಲೂ ನೋಡಿಲ್ಲ. ನೀನು ನೋಡಿದ್ದೀಯಾ?"

ನಾನಂತೂ ನೋಡಿರಲಿಲ್ಲ. ನಾನು ಕಂಡ ಸೈನಿಕರೆಲ್ಲ ಮಲಗಿದವರು, ಒರಗಿದವರು, ಗೋಡೆ ಹಿಡಿದು ಕಕ್ಕಸಿಗೆ ಹೋಗುವವರು. ಹಾಗೆ ನಮ್ಮ ಯೋಜನೆ ತಾನಾಗಿ ಬದಲಾಯಿತು. ಯುದ್ಧಭೂಮಿಯ ಬದಲು ಆಸ್ಪತ್ರೆಯ ಜಗಲಿ. ಬಾಗಿದ ಬಂದೂಕಿನ ಜಾಗದಲ್ಲಿ ಊರುಗೋಲು. ಹೆಲ್ಮೆಟ್ಟುಗಳನ್ನು ಕೆಳಗಿಟ್ಟು ಬಿಸಿಲು ಕಾಯುತ್ತ ಕುಳಿತ ಗಂಡಸರು.

ಹೊಸದಾಗಿ ಈ ಕೆಲಸ ಹಿಡಿಯುವವರಿಗೆ ನಾನು ಹೇಳಬಹುದಾದದ್ದೆಲ್ಲ ನಮ್ಮ ಕೆಟ್ಟ ಕೆಲಸದಿಂದ ಕಲಿತದ್ದು. ಚೌಕಟ್ಟಿನಿಂದ ಕಾಲನ್ನು ಎಳೆದು ಕೀಳಬಾರದು, ಸ್ವಲ್ಪ ದೂರದಲ್ಲಿ ಕತ್ತರಿಸಿ ಉಳಿದದ್ದನ್ನು ಅರದಿಂದ ಉಜ್ಜಬೇಕು. ಪ್ಲಾಸ್ಟಿಕ್ಕಿನ ಅಂಟು ಎರಡು ಭಾಗಗಳನ್ನು ಕರಗಿಸಿ ಕೂಡಿಸುತ್ತದೆ. ಹೆಚ್ಚು ಹಾಕಿದರೆ ತೋಳಿನ ಜೊತೆ ಭುಜವೂ ಕರಗುತ್ತದೆ. ಬಣ್ಣ ಹಚ್ಚುವ ಮೊದಲು ಬೂದು ಬಣ್ಣದ ಪ್ರೈಮರ್, ಅಂದರೆ ತಳಬಣ್ಣವನ್ನು ಸ್ಪ್ರೇ ಡಬ್ಬಿಯಿಂದ ತೆಳ್ಳಗೆ ಊದಬೇಕು, ಅದೂ ಒಣ ಹವೆಯಲ್ಲಿ. ವಯನಾಡಿನ ಮಳೆಗಾಲದ ಬೆಳಿಗ್ಗೆ, ಕಣದ ಆಚೆಯ ಮನೆಯೇ ಕಾಣದಷ್ಟು ಮಂಜಿರುವಾಗ ನಾನು ಊದಿದೆ. ಸೈನಿಕರಿಗೆಲ್ಲ ಬೂಷ್ಟು ಹಿಡಿದ ಉಪ್ಪಿನಕಾಯಿಯ ಕಳೆ ಬಂತು. ತಮ್ಮ ಅದಕ್ಕೂ ಅನುಭವದ ಮಾತು ಸೇರಿಸಿದ. "ಇರಲಿ ಬಿಡು, ಕಂಬಳಿ ಹೊದ್ದಿದ್ದಾರೆ ಅಂದ್ಕೊ." ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆವು.

ಬಣ್ಣವನ್ನು ನಾನು ಮೊದಲು ಸೀಸೆಯಿಂದ ನೇರವಾಗಿ ಹಚ್ಚಿದೆ. ರಾಗಿ ಗಂಜಿಯಂತೆ ಕೂತು ಗುಂಡಿ, ಜೇಬು, ಮೂಗು ಎಲ್ಲವನ್ನೂ ಮುಚ್ಚಿಹಾಕಿತು. ನೀರು ಸೇರಿಸಿ ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಒಣಗಿದ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ ಹಚ್ಚಬೇಕು. ಕೊನೆಗೆ ಕಂದು ಬಣ್ಣವನ್ನು ಹಾಲಿಲ್ಲದ ಕಟ್ಟನ್ ಚಹಾದಷ್ಟು ನೀರಾಗಿಸಿ ಮೈಮೇಲೆಲ್ಲ ಹರಿಯಬಿಟ್ಟರೆ ಅದು ಬಟ್ಟೆಯ ನೆರಿಗೆಗಳಲ್ಲಿ ನಿಂತು ನೆರಳಾಗುತ್ತದೆ. ಅಲ್ಲಿಯವರೆಗೆ ಬೊಂಬೆಯಾಗಿದ್ದವನು ಆ ಗಳಿಗೆಯಲ್ಲಿ ಮನುಷ್ಯನಾಗುತ್ತಾನೆ. ನಾನು ಮೊದಲ ಸಲ ಅದನ್ನು ನೋಡಿದಾಗ ಕುಂಚ ಕೆಳಗಿಟ್ಟು ಸುಮ್ಮನೆ ಕುಳಿತೆ.

ಇಷ್ಟರಲ್ಲಿ ಒಂದು ತೊಂದರೆ ಎದುರಾಯಿತು. ಪೊರೆ ತೆಗೆಸಿದ ಕಣ್ಣು ನನ್ನದು. ಮುಖಕ್ಕೆ ಬಣ್ಣ ಹಚ್ಚಲು ಎಡಗೈಯಲ್ಲಿ ಭೂತಗನ್ನಡಿ ಬೇಕು, ಬಲಗೈಯಲ್ಲಿ ಕುಂಚ ಬೇಕು. ಬೊಂಬೆಯನ್ನು ಬರಿಗೈಯಲ್ಲಿ ಮುಟ್ಟಿದರೆ ಬಣ್ಣ ಕಿತ್ತುಬರುತ್ತದೆ. ಅದಕ್ಕೇ ಅದನ್ನು ಖಾಲಿ ಔಷಧದ ಸೀಸೆಯ ಮುಚ್ಚಳಕ್ಕೆ ಅಂಟಿಸಿ, ಸೀಸೆಯನ್ನು ಹಿಡಿದು ತಿರುಗಿಸುತ್ತ ಹಚ್ಚಬೇಕು. ಹಿಡಿಯಲು ನನಗೆ ಮೂರನೆಯ ಕೈ ಇರಲಿಲ್ಲ. ತಮ್ಮ ನನ್ನ ಎಡಕ್ಕೆ ಕುಳಿತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ. ಅವನ ಬಲಗೈ ಮೇಜಿನ ಮೇಲೆ ಕೆಲಸವಿಲ್ಲದೆ ಬಿದ್ದಿತ್ತು.

"ಇದನ್ನ ಹಿಡ್ಕೊ" ಎಂದು ಸೀಸೆಯನ್ನು ಆ ಕೈಯೊಳಗೆ ಇಟ್ಟೆ. ಆಸ್ಪತ್ರೆಯಲ್ಲಿ ಹೀಗೇ ಹೇಳುವುದು. ಆಗುತ್ತದಾ ಎಂದು ಕೇಳಿದರೆ ರೋಗಿ ಇಲ್ಲ ಎನ್ನುತ್ತಾನೆ.

ಬೆರಳುಗಳು ಸೀಸೆಯ ಸುತ್ತ ಮೆಲ್ಲಗೆ ಮುಚ್ಚಿಕೊಂಡವು. ಸೀಸೆ ನಡುಗಿತು, ಬೀಳಲಿಲ್ಲ.

"ಬಲಕ್ಕೆ ತಿರುಗಿಸು."

"ಏನು?"

"ದಾಹಿನೇ ಮುಡ್" ಎಂದೆ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ.

"ಇದೇನ್ ಕಮಾಂಡಾ?" ಅವನಿಗೆ ನಿಜವಾಗಿ ನೋವಾಯಿತು. "ಇಂಜೆಕ್ಷನ್ ಕೊಡೋ ಥರ ಒಂದೇ ಸಲ ಚುಚ್ತಿದ್ದೀಯ. ಮೊದಲ್ನೇ ಮಾತು ಎಳೀಬೇಕು, ಜವಾನ ತಯಾರಾಗೋಕೆ ಟೈಮ್ ಕೊಡ್ಬೇಕು. ಆಮೇಲೆ ಎರಡನೇದು ಪಟ್ ಅಂತ. ದಾ-ಹಿ-ನೇ... ಮುಡ್! ಅಧಿಕಾರಿಗಳಿಗೆ ಇದು ಯಾವತ್ತೂ ಬರಲ್ಲ."

ಹೇಳುತ್ತ ಹೇಳುತ್ತ ಅವನ ಮಣಿಕಟ್ಟು ತಿರುಗಿತು, ಒಂದು ಎಳೆಯಷ್ಟು. ನಾನು ನೋಡಲಿಲ್ಲ ಎಂಬಂತೆ ಸೈನಿಕನ ಕಿವಿಗೆ ಬಣ್ಣ ಹಚ್ಚಿದೆ.

ಅಂದಿನಿಂದ ಬೆಳಗಿನ ತಿಂಡಿಯಾದ ಮೇಲೆ ಅದೇ ನಮ್ಮ ಪರೇಡು. ಎಡಕ್ಕೆ, ಬಲಕ್ಕೆ, ಮತ್ತೆ 'ಥಮ್', ಅಂದರೆ ನಿಲ್ಲು. ನನ್ನ ಕಮಾಂಡುಗಳು ಸುಧಾರಿಸಲಿಲ್ಲ, ಅವನ ಬೈಗುಳ ನಿಲ್ಲಲಿಲ್ಲ. ತಲೆಗೆ ಪಟ್ಟಿಯಂತೆ ಕಟ್ಟಿಕೊಳ್ಳುವ ಭೂತಗನ್ನಡಿ ಸಿಗುತ್ತದೆ ಎಂದು ಅವನ ಮಗಳು ಎಲ್ಲಿಂದಲೋ ತರಿಸಿಕೊಟ್ಟಳು. "ಅತ್ತೆ, ಇದಿದ್ರೆ ನಿಮ್ಮ ಒಂದು ಕೈ ಬಿಡುವಾಗುತ್ತೆ" ಎಂದಳು. ಅದನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಸರಿ, ಅತ್ತೆ" ಎಂದಳು. ಜಾಣೆ.

ಮೊದಲು ಮುಗಿದವನು ಎಡಕ್ಕೆ ವಾಲಿದವನು. ಊರುಗೋಲು ಹಿಡಿಸಿ, ಆಸ್ಪತ್ರೆಯ ನೀಲಿ ಬಟ್ಟೆ ತೊಡಿಸಿದೆವು. ಕಣ್ಣು ಬರೆಯುವುದೇ ಕಷ್ಟ. ಬಿಳಿ ಹಚ್ಚಿ ಕಪ್ಪು ಚುಕ್ಕೆ ಇಟ್ಟರೆ ಭೂತ ನೋಡಿದವನ ಕಣ್ಣಾಗುತ್ತದೆ. ಹುಬ್ಬಿನ ಕೆಳಗೆ ಬರೀ ಒಂದು ಕಂದು ಗೆರೆ ಎಳೆದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದವನಂತೆ ಕಾಣುತ್ತಾನೆ. ಆ ಗೆರೆ ಎಳೆದು ಮುಗಿಸಿ, "ಆಯ್ತು" ಎಂದೆ. ತಮ್ಮ ಅವನನ್ನು ಬೆಳಕಿಗೆ ಎತ್ತಿ ನೋಡಲು ಹೋದ, ಬಲಗೈಯಲ್ಲೇ. ಕೈ ಭುಜದ ಮಟ್ಟಕ್ಕೆ ಬರುವಾಗ ಬೆರಳು ಬಿಟ್ಟುಕೊಂಡವು. ಸೀಸೆ ನೆಲಕ್ಕೆ ಬಿದ್ದು ಒಡೆಯಿತು. ಸೈನಿಕನ ತೋಳು ಮುರಿದು ಊರುಗೋಲಿನ ಸಮೇತ ಎಲ್ಲೋ ಹೋಯಿತು.

ನಾನು ಗಾಜು ಆರಿಸಲು ಬಗ್ಗಿದೆ. ಅವನು ಎದ್ದು ನಿಂತ.

"ನೋಡಿದ್ಯಾ? ಇದು ಖಾಲಿ ಬಾಟ್ಲಿ. ನೀರು ತುಂಬಿದ ಗಿಂಡಿ ಆಗಿದ್ರೆ? ಹುಡುಗನ ಪಾದದ ಮೇಲೆ ಬಿದ್ದಿರೋದು. ಇಡೀ ಮಂಟಪದ ಮುಂದೆ ಅವಳು ತಲೆ ತಗ್ಗಿಸಿ ಕೂತಿರೋಳು."

"ಬಾಟ್ಲಿ ಇನ್ನೊಂದಿದೆ" ಎಂದೆ.

"ಮತಿ, ಮೇಡಂ ಸಾಬ್" ಎಂದ. ಮತಿ ಎಂದರೆ ನಮ್ಮ ಕಡೆ ಮಲಯಾಳದಲ್ಲಿ ಸಾಕು ಎಂದರ್ಥ. ತಮಾಷೆಗೂ ಅದನ್ನು ಬಳಸುತ್ತೇವೆ, ಆದರೆ ಅವನು ತಮಾಷೆಗೆ ಹೇಳಿರಲಿಲ್ಲ.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅಂಗಳದಲ್ಲಿ ನಾಯಿ ಚೆಂಡಿಗಾಗಿ ಕಾದು ಕೂತಿತ್ತು, ಅವನು ಅದನ್ನೂ ಎಸೆಯಲಿಲ್ಲ. ತಮ್ಮನ ಹೆಂಡತಿ ಬಂದು, "ಅತ್ತಿಗೆ, ನೀವು ಒಂದು ಮಾತು ಹೇಳ್ಬಾರ್ದಾ?" ಎಂದಳು. ನಾನು ಹೇಳಲಿಲ್ಲ. ರೋಗಿಯ ಹಿಂದೆ ಓಡಬಾರದು, ಹೊತ್ತು ತಪ್ಪಿಸಬಾರದು. ದಿನವೂ ತಿಂಡಿಯಾದ ಮೇಲೆ ಮೇಜು ಹಾಕಿದೆ, ಟ್ರೇ ಜೋಡಿಸಿದೆ, ಎಡಗಡೆಯ ಕುರ್ಚಿಯನ್ನೂ ಒರೆಸಿ ಇಟ್ಟೆ. ಮುಖಗಳನ್ನು ಬಿಟ್ಟು, ಭೂತಗನ್ನಡಿ ಬೇಡದ ಬೂಟು, ಪೈಜಾಮಗಳಿಗೆ ಬಣ್ಣ ಹಚ್ಚಿದೆ. ಆ ದಿನಗಳಲ್ಲಿ ನಮ್ಮ ಆಸ್ಪತ್ರೆಯಲ್ಲಿ ಬೂಟುಗಳು ಬಹಳ ಹೊಳೆದವು.

ಮಂಜು ಹೋಗಿ ಬಿಸಿಲು ಗಟ್ಟಿಯಾಯಿತು. ಕಾಫಿ ಮುಗಿದು ಮೆಣಸಿನ ಕೊಯ್ಲು ಬಂತು. ಕಣದ ತುಂಬ ಮೆಣಸು ಹರವಿದ್ದರು. ಬಣ್ಣ ಬೇಗ ಒಣಗಲೆಂದು ನಾನೂ ಸೈನಿಕರನ್ನು ಒಂದು ಹಲಗೆಯ ಮೇಲಿಟ್ಟು ಕಣದ ಅಂಚಿನಲ್ಲಿ ಇಟ್ಟೆ. ಮೆಣಸಿಗೆ ಕೋಳಿ ಬಾಯಿ ಹಾಕದಂತೆ ಕಾಯುವ ಕೆಲಸ ತಮ್ಮನದು. ಕೋಲು ಹಿಡಿದು ಅವನ ಜಗಲಿಯಲ್ಲಿ ಕುಳಿತಿದ್ದ. ನಾನು ಒಳಗೆ ಅಕ್ಕಿ ತೊಳೆಯುತ್ತಿದ್ದೆ.

"ಅಕ್ಕಾ! ಅಕ್ಕಾ! ಬಾರೇ ಬೇಗ!"

ಓಡಿದೆ. ಕೋಳಿಗಳು ದಿಕ್ಕಾಪಾಲಾಗಿದ್ದವು. ತಮ್ಮ ಕಣದ ನಡುವೆ ನಿಂತು ಬಲಗೈಯಲ್ಲಿ ಒಂದು ಸೀಸೆ ಹಿಡಿದಿದ್ದ. ಸೀಸೆಯ ಮೇಲೆ ಬೆಂಚಿಗೆ ಒರಗಿ ಕುಳಿತ ಸೈನಿಕ, ಕುತ್ತಿಗೆಯವರೆಗೆ ಮಾತ್ರ.

"ಆ ಕೆಂಪು ಹೇಟೆ ತಲೆ ನುಂಗ್ಬಿಡ್ತು. ನನ್ನ ಕಣ್ಣೆದುರೇ. ಮೆಣಸು ಅಂದ್ಕೊಂಡಿರ್ಬೇಕು ಪಾವ."

ಪಾವ ಎಂದರೆ ಮಲಯಾಳದಲ್ಲಿ ಪಾಪ; ಅವನು ಹಾಗೆಂದದ್ದು ಕೋಳಿಗೋ ಸೈನಿಕನಿಗೋ ತಿಳಿಯಲಿಲ್ಲ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಬಣ್ಣ ತಿಂದ ಕೋಳಿ ಮೊಟ್ಟೆ ನಾನು ಬೇಯ್ಸಲ್ಲ" ಎಂದಳು. ಅವನಿಗೆ ಅದೊಂದೂ ಕೇಳಿಸಲಿಲ್ಲ. ನೇರ ನನ್ನ ಜಗಲಿಗೆ ಬಂದು ತನ್ನ ಕುರ್ಚಿಯಲ್ಲಿ ಕುಳಿತ.

"ಪೆಟ್ಟಿಗೇಲಿ ಬೇರೆ ತಲೆ ಇದ್ಯಾ?"

"ಇಲ್ಲ."

ಅವನು ಕಣದ ಕಡೆ ನೋಡಿದ. ಎದ್ದು ಹೋಗಿ, ಬಗ್ಗಿ, ಎಡಗೈಯಲ್ಲಿ ಮೆಣಸಿನ ರಾಶಿ ಕೆದಕಿದ. ಒಂದು ಕಾಳು ಆರಿಸಿ, ಬೇಡವೆಂದು ಬಿಟ್ಟು, ಇನ್ನೊಂದು ಆರಿಸಿದ. ತಂದು ಸೈನಿಕನ ಕುತ್ತಿಗೆಯ ಮೇಲೆ ಇಟ್ಟ. ಅಳತೆ ಸರಿಯಾಗಿತ್ತು.

"ಕರಿ ಮೆಣಸಿನ ತಲೆಯವನು ಯಾವ ದೇಶದ ಸೈನ್ಯದಲ್ಲಿದ್ದಾನೆ?" ಎಂದೆ.

"ತಲೆಗೆ ಪೆಟ್ಟಾಗಿದೆ. ಬ್ಯಾಂಡೇಜು ಸುತ್ತು. ಅದಾದ್ರೂ ಬರುತ್ತಲ್ಲ ನಿಂಗೆ?"

ಬರುತ್ತದೆ. ಗಾಜ್ ಬಟ್ಟೆಯ ಒಂದು ಎಳೆ ಬಿಡಿಸಿ, ಮೆಣಸಿನ ಕಾಳಿನ ತಲೆಗೆ ಸುತ್ತಿದೆ. ಹಣೆಯಿಂದ ಹಿಂದಕ್ಕೆ, ಹಿಂದಿನಿಂದ ಗಲ್ಲದ ಕೆಳಗೆ, ಪುಸ್ತಕದಲ್ಲಿ ಹೇಳಿದ ರೀತಿಯಲ್ಲೇ. ನಾನು ಎಳೆ ಹಿಡಿದು ನಿಂತಿದ್ದೆ, ತಿರುಗಬೇಕಾದದ್ದು ಸೀಸೆ. ಅವನು ತಿರುಗಿಸಿದ. ಕೈ ನಡುಗಿದಾಗ ನಾನೂ ನಿಲ್ಲಿಸಿದೆ, ನಿಂತಾಗ ಮುಂದುವರಿಸಿದೆ. ಸುತ್ತಿ ಮುಗಿಯುವ ಹೊತ್ತಿಗೆ ಸೀಸೆ ಅವನ ಮುಷ್ಟಿಯಲ್ಲಿ ಎಷ್ಟೋ ಸುತ್ತು ತಿರುಗಿತ್ತು. ಕಮಾಂಡು ಕೊಡುವುದನ್ನು ನಾನು ಮರೆತೇಬಿಟ್ಟಿದ್ದೆ. ಅವನೂ ನೆನಪಿಸಲಿಲ್ಲ. ಬ್ಯಾಂಡೇಜಿನ ನಡುವೆ ಮೆಣಸಿನ ಸುಕ್ಕು ಚರ್ಮ ಸ್ವಲ್ಪವೇ ಕಾಣುತ್ತಿತ್ತು. ನಮ್ಮ ಇಡೀ ಆಸ್ಪತ್ರೆಯಲ್ಲಿ ಅವನಷ್ಟು ಜೀವಂತ ಮುಖ ಬೇರೆ ಇಲ್ಲ.

ಪರೇಡು ಮತ್ತೆ ಶುರುವಾಯಿತು. ಧಾರೆಯ ಮಾತನ್ನು ಮಾತ್ರ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ದೊಡ್ಡಪ್ಪನ ಮಗ ಫೋನಿನಲ್ಲಿ, "ಶಲ್ಯ ತರ್ಬೇಕಾ, ನೀವೇ ಕೊಡ್ತೀರಾ?" ಎಂದು ಕೇಳುತ್ತಿದ್ದ. ತಮ್ಮನ ಹೆಂಡತಿ, "ನೋಡೋಣ ಭಾವ" ಎಂದು ಎಳೆದಳು.

ಮದುವೆಯ ಹಿಂದಿನ ವಾರ ಅವಳು ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಗಿಂಡಿಯನ್ನು ತೊಳೆದು, ಒರೆಸಲೆಂದು ನನ್ನ ಕೈಗೆ ಕೊಟ್ಟಳು. ನಾನು ಒರೆಸಿ ಮೇಜಿನ ಮೇಲಿಟ್ಟೆ. ಎಡಕ್ಕೆ ಕುಳಿತಿದ್ದ ತಮ್ಮ ಅದನ್ನು ಎತ್ತಿಕೊಂಡ. ಬಲಗೈಯಲ್ಲಿ. ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು, ಮೆಲ್ಲಗೆ ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ನೋಡಿದ.

"ಮೂತಿ ಬುಡದಲ್ಲಿ ಕಪ್ಪು ಉಳಿದಿದೆ ನೋಡು. ನೆರಳಾದ್ರೆ ಚೆಂದ, ಇದು ಕೊಳೆ."

ಅವನ ಹೆಂಡತಿ ಹುಣಸೆಹಣ್ಣಿನ ಕೈಯನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದಳು. ನಾನು ಕುಂಚ ತೊಳೆಯುತ್ತಿದ್ದೆ. ಅವನು ತಲೆ ಎತ್ತಿದ. ನಮ್ಮಿಬ್ಬರನ್ನು ನೋಡಿದ. ತನ್ನ ಕೈಯನ್ನು ನೋಡಿದ. ಗಿಂಡಿಯನ್ನು ಬಹಳ ಜಾಗ್ರತೆಯಿಂದ ಕೆಳಗಿಟ್ಟು, "ನೀರು ತುಂಬಿ ಕೊಡು ನೋಡೋಣ" ಎಂದ.

ತುಂಬಿ ಕೊಟ್ಟಳು. ಕಣದ ಅಂಚಿಗೆ ಹೋಗಿ ಬಾಗಿಸಿದ. ಧಾರೆ ಅತ್ತಿತ್ತ ಓಲಾಡಿತು, ಅರ್ಧ ಅವನ ಪಂಚೆಯ ಮೇಲೆ ಬಿತ್ತು. ಗಿಂಡಿ ಬೀಳಲಿಲ್ಲ. ಆ ಸಂಜೆ ದೊಡ್ಡಪ್ಪನ ಮಗನಿಗೆ ಅವನೇ ಫೋನ್ ಮಾಡಿದ. "ಅಣ್ಣಾ, ನೀವು ಆರಾಮಾಗಿ ಊಟಕ್ಕೆ ಬನ್ನಿ. ಶಲ್ಯ ಬೇಡ."

ಮದುವೆ ಪುಲ್ಪಳ್ಳಿಯಲ್ಲೇ ನಡೆಯಿತು. ಹಾಲ್ ತುಂಬ ಜನ. ಧಾರೆಯ ಹೊತ್ತಿಗೆ ನಾನು ಅವನ ಹಿಂದೆ, ಎಡಕ್ಕಲ್ಲ, ಬಲಕ್ಕೆ ನಿಂತೆ. ಬಿದ್ದರೆ ಹಿಡಿಯಲು. ಅಂತಹ ಜಾಗದಲ್ಲಿ ನಿಲ್ಲುವುದೂ ನನ್ನ ಕಸುಬಿನ ಭಾಗ. ಮಗಳು ತಂದೆಯ ಮುಖ ನೋಡುತ್ತಿರಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದಳು. ಪುರೋಹಿತರು ಗಿಂಡಿ ಕೊಟ್ಟರು. ಅವನು ಹಿಡಿದ. ಬಾಗಿಸುವ ಮೊದಲು ಒಂದು ಸಲ, ನನಗೆ ಮಾತ್ರ ಅರ್ಥವಾಗುವಂತೆ, ಅದನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಮೂತಿಯ ಬುಡ ನೋಡಿಕೊಂಡ.

ನೀರು ಇಳಿಯಿತು. ಮೊದಲು ತೆಂಗಿನಕಾಯಿಯ ಮೇಲೆ, ಆಮೇಲೆ ಹುಡುಗನ ಮುಂಗೈ ಮೇಲೆ, ಅವನ ರೇಷ್ಮೆ ಅಂಗಿಯ ತೋಳಿನ ಮೇಲೆ, ಮತ್ತೆ ತೆಂಗಿನಕಾಯಿಯ ಮೇಲೆ. ಒಳ್ಳೆಯ ಹುಡುಗ, ಅಲುಗಾಡಲಿಲ್ಲ. ಪುರೋಹಿತರು "ಸಾಕು" ಎಂದರು. ತಮ್ಮನಿಗೆ ಕೇಳಿಸಲಿಲ್ಲ. ವಾದ್ಯದ ಗದ್ದಲ ಬೇರೆ. ಅವನು ಎರೆಯುತ್ತಲೇ ಇದ್ದ. ಮಗಳು ಈಗ ತಲೆ ಎತ್ತಿ ಅವನನ್ನೇ ನೋಡಿ ನಗುತ್ತಿದ್ದಳು, ಕಣ್ಣು ತುಂಬಿಕೊಂಡು. ಪುರೋಹಿತರು ಮತ್ತೆ "ಸಾಕು, ಸಾಕು" ಎಂದರು. ಕೈಗಳ ಕೆಳಗಿಟ್ಟ ತಟ್ಟೆ ತುಂಬಿ ನೀರು ಹಸೆಯ ಮೇಲೆ ಹರಿಯತೊಡಗಿತು.

ನಾನು ಮುಂದೆ ಬಾಗಿ ಅವನ ಕಿವಿಯ ಹತ್ತಿರ ಹೇಳಿದೆ. ಮೊದಲು ಎಳೆದು, ತಯಾರಾಗಲು ಸಮಯ ಕೊಟ್ಟು, ಆಮೇಲೆ ಪಟ್ಟನೆ.

"ಹವಾಲ್ದಾ-ರ್... ಥಮ್!"

ಕೈ ನಿಂತಿತು. ಗಿಂಡಿ ನೆಟ್ಟಗಾಯಿತು. ಒಂದು ಹನಿಯೂ ಹೆಚ್ಚು ಬೀಳಲಿಲ್ಲ.

ಅವನು ತಿರುಗಲಿಲ್ಲ. ಮಂತ್ರದ ನಡುವೆ, ತುಟಿ ಅಲುಗಿಸದೆ, ಪರೇಡಿನಲ್ಲಿ ಮಾತಾಡುವವರು ಮಾತಾಡುವ ಹಾಗೆ ಹೇಳಿದ.

"ಈಗ ಸರಿಯಾಗಿ ಬಂತು ನೋಡಕ್ಕಾ."